ನಾಲ್ಕು ವರ್ಷಕ್ಕೆ ಒಂದು ವರ್ಷ ಕಡಿಮೆ

ಈ ವರ್ಷ ಮೇ ತಿಂಗಳಿಂದ ಆಗಸ್ಟ್ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಯಾರ ಫೋನೂ ಸೈಲೆಂಟ್ ಆಗಲಿಲ್ಲ. ಅರ್ಜಿಗಳಲ್ಲೆಲ್ಲ ನಮ್ಮ ಮನೆಯವರ ನಂಬರು ಕೊಟ್ಟಿದ್ದೆವು. ಅವರಿಗೆ ಜೀಡಿಮೆಟ್ಲದ ಔಷಧ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಒಟಿಪಿ ಅಲ್ಲಿಗೆ ಹೋಗುತ್ತಿತ್ತು, ಅವರು ಅದನ್ನು ಓದಿ ನನಗೆ ಹೇಳುತ್ತಿದ್ದರು, ನಾನು ಟೈಪ್ ಮಾಡುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಮಗಳು ಪಕ್ಕದಲ್ಲೇ ಕುಳಿತು ಉಗುರು ಕಚ್ಚುತ್ತಿದ್ದಳು. ಭಾಲ್ಕಿಯಿಂದ ಬಂದಿದ್ದ ನಮ್ಮ ಅಪ್ಪ ಒಳಕೋಣೆಯಿಂದಲೇ ಕೇಳುತ್ತಿದ್ದರು: "ಬಂತೇನವ್ವಾ?"

ಹೈದರಾಬಾದಿನಲ್ಲಿ ಇರುವವರಿಗೆ ಈ ಕಾಲ ಗೊತ್ತು. ರಿಸಲ್ಟಿನ ಮರುದಿನ ತೆಲುಗು ಪೇಪರಿನ ಮೊದಲ ಪುಟದಲ್ಲಿ ಸುದ್ದಿಯೇ ಇರುವುದಿಲ್ಲ, ಪುಟದ ತುಂಬ ಮಕ್ಕಳ ಪಾಸ್‌ಪೋರ್ಟ್ ಅಳತೆಯ ಫೋಟೊಗಳು, ಕೆಳಗೆ 1, 2, 3 ಎಂದು ದಪ್ಪಕ್ಷರದ ರ್‍ಯಾಂಕುಗಳು. ಆ ಫೋಟೊಗಳಲ್ಲಿ ಇಲ್ಲದ ಮಕ್ಕಳೇ ಹೆಚ್ಚು, ಅವರ ಮನೆಗಳಲ್ಲಿ ಕಾಯುವಿಕೆ ಶುರುವಾಗುವುದು ಅಂದಿನಿಂದ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಈ ಸಲ ನಾಲ್ಕು ಮನೆ ಹಾಗಿದ್ದವು. ಮೇಲಿನ ಮಹಡಿಯ ತೆಲುಗು ದಂಪತಿಯ ಮಗ ಎಂಬಿಬಿಎಸ್ ಸೀಟಿಗೆ ಕಾಯುತ್ತಿದ್ದ. ಎದುರು ಮನೆಯ ಹುಡುಗಿಗೆ ಅಮೆರಿಕದ ವಿಶ್ವವಿದ್ಯಾಲಯದ ಪತ್ರ ಬಂದಿತ್ತು. ಆದರೆ ಮೇ ಕೊನೆಯಲ್ಲಿ ಆ ದೇಶ ವಿದ್ಯಾರ್ಥಿ ವೀಸಾಕ್ಕೆ ಹೊಸ ಸಂದರ್ಶನದ ಸಮಯ ಕೊಡುವುದನ್ನೇ ನಿಲ್ಲಿಸಿಬಿಟ್ಟಿತು. ಜೂನ್ ಮೂರನೆಯ ವಾರ ಮತ್ತೆ ಶುರುವಾಗುವವರೆಗೂ ಆಕೆಯ ತಾಯಿ ಚಿಲ್ಕೂರು ಬಾಲಾಜಿಗೆ ಹರಕೆ ಹೊತ್ತು ಕುಳಿತಿದ್ದರು. ಅಲ್ಲಿ ಬೇಡಿಕೊಳ್ಳುವಾಗ 11 ಪ್ರದಕ್ಷಿಣೆ, ಕೆಲಸ ಆದ ಮೇಲೆ 108. ಆ ದೇವರಿಗೆ ಊರವರು ಇಟ್ಟ ಹೆಸರೇ ವೀಸಾ ಬಾಲಾಜಿ.

ಅವರೆಲ್ಲ ಸೀಟಿಗೆ ಅಥವಾ ವೀಸಾಕ್ಕೆ ಕಾಯುತ್ತಿದ್ದರು. ನಾವು ಅದಕ್ಕೂ ಮುಂಚೆ ಇನ್ನೊಂದು ಉತ್ತರಕ್ಕೆ ಕಾಯಬೇಕಾಯಿತು. ನಮ್ಮ ಮಗಳು ಯಾವ ಊರಿನವಳು ಎನ್ನುವ ಪ್ರಶ್ನೆಯ ಉತ್ತರಕ್ಕೆ.

ಬೆರಳು ಮಡಚಿ ಎಣಿಸಿದ ದಿನ

ಜನವರಿಯಲ್ಲಿ ಮಗಳ ಜೂನಿಯರ್ ಕಾಲೇಜಿನವರು ಪಾಲಕರನ್ನು ಕರೆದು, ಹಿಂದಿನ ತರಗತಿಗಳ ಸ್ಟಡಿ ಸರ್ಟಿಫಿಕೇಟುಗಳನ್ನು ಈಗಲೇ ಒಟ್ಟು ಮಾಡಿಟ್ಟುಕೊಳ್ಳಿ ಎಂದರು. ಪಕ್ಕದಲ್ಲಿ ಕುಳಿತಿದ್ದ ಒಬ್ಬ ತಾಯಿ ನನ್ನನ್ನು ತೆಲುಗಿನಲ್ಲಿ ಕೇಳಿದರು: "ನಿಮ್ಮ ಹುಡುಗಿ ಇಲ್ಲಿ ನಾಲ್ಕು ವರ್ಷ ಓದಿದ್ದಾಳಾ?" ನಾನು ಬೆರಳು ಮಡಚಿ ಎಣಿಸಿದೆ. ಹತ್ತನೆಯದು, ಇಂಟರ್ ಮೊದಲ ವರ್ಷ, ಇಂಟರ್ ಎರಡನೆಯ ವರ್ಷ. ಮೂರು.

ನಾವು ಪುಣೆಯಲ್ಲಿ ಎಂಟು ವರ್ಷ ಇದ್ದವರು. ಮನೆಯವರಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದ್ದು 2021ರಲ್ಲಿ. ಮಗಳು ಆಗ ಒಂಬತ್ತನೆಯ ತರಗತಿ, ಶಾಲೆ ಇನ್ನೂ ಆನ್‌ಲೈನಿನಲ್ಲಿ ನಡೆಯುತ್ತಿತ್ತು. "ಈಗ ಬಿಡಿಸೋದು ಬೇಡ, ಒಂದು ವರ್ಷ ತಡೀರಿ" ಎಂದವಳು ನಾನೇ. ಅವರು ಒಬ್ಬರೇ ಬಂದು ಬಾಲಾನಗರದಲ್ಲಿ ರೂಮು ಮಾಡಿಕೊಂಡರು, ನಾವು 2022ರ ಜೂನಿನಲ್ಲಿ ಬಂದೆವು. ಆ ಒಂದು ವರ್ಷಕ್ಕೆ ಹೀಗೊಂದು ಬೆಲೆ ಇದೆ ಎಂದು ನಮಗೆ ಯಾರೂ ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ತೆಲಂಗಾಣದಲ್ಲಿ ಇಂಜಿನಿಯರಿಂಗಿಗೆ ಇಎಪಿಸೆಟ್ ಬರೆಯಬೇಕು. ಕನ್ವೀನರ್ ಕೋಟಾದ ಸೀಟುಗಳಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ಸ್ಥಳೀಯ ಎನಿಸಿಕೊಳ್ಳಲು ಇಂಟರ್ ಮುಗಿಯುವ ಹೊತ್ತಿಗೆ ಇಲ್ಲಿ ಸತತ ನಾಲ್ಕು ವರ್ಷ ಓದಿರಬೇಕು. ಉಳಿದ ಶೇ 15ರಲ್ಲಿ ಜಾಗ ಬೇಕಾದರೆ ತಂದೆ ಅಥವಾ ತಾಯಿ ಈ ರಾಜ್ಯದಲ್ಲಿ ಹತ್ತು ವರ್ಷ ಇದ್ದಿರಬೇಕು, ಇಲ್ಲವೇ ಸರ್ಕಾರಿ ನೌಕರಿಯಂಥ ಕಾರಣ ಇರಬೇಕು. ನಮಗೆ ಎರಡೂ ಇಲ್ಲ. ಉಳಿದದ್ದು ಮ್ಯಾನೇಜ್‌ಮೆಂಟ್ ಸೀಟು, ಅದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಮೇ 11ರಂದು ಇಎಪಿಸೆಟ್ ಫಲಿತಾಂಶ ಬಂದಾಗ ಮಗಳ ರ್‍ಯಾಂಕ್ ಚೆನ್ನಾಗಿಯೇ ಇತ್ತು. ಅದೇ ಬೆಂಚಿನಲ್ಲಿ ಕುಳಿತ ಅವಳ ಗೆಳತಿಗೆ ಅದಕ್ಕಿಂತ ಹಿಂದಿನ ರ್‍ಯಾಂಕಿಗೂ ಊರಿನ ಒಳ್ಳೆಯ ಕಾಲೇಜು ಸಿಕ್ಕಿತು. ಇವಳು ಗೆಳತಿಯ ಮನೆಗೆ ಹೋಗಿ ಸಿಹಿ ತಿಂದು ಬಂದು, ಏನೂ ಮಾತಾಡದೆ ಮಲಗಿಬಿಟ್ಟಳು.

ಇನ್ನೊಂದು ವಿಚಿತ್ರ ಹೇಳುತ್ತೇನೆ. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದ ಮಕ್ಕಳಿಗೆ. ಅಲ್ಲಿ ರಾಜ್ಯವನ್ನು ತೀರ್ಮಾನಿಸುವುದು ಹನ್ನೆರಡನೆಯ ತರಗತಿ ಎಲ್ಲಿ ಪಾಸಾದೆ ಎಂಬುದರ ಮೇಲೆ. ಹಾಗಾಗಿ ವರಂಗಲ್ ಎನ್‌ಐಟಿಗೆ ನನ್ನ ಮಗಳು ತೆಲಂಗಾಣದವಳು. ಅದೇ ತೆಲಂಗಾಣದ ರಾಜ್ಯ ಕೌನ್ಸೆಲಿಂಗಿಗೆ ಹೊರಗಿನವಳು. ಪುಣೆಯಲ್ಲಿ ಎಂಟು ವರ್ಷ ಇದ್ದರೂ ಹತ್ತನೆಯದಾಗಲಿ ಹನ್ನೆರಡನೆಯದಾಗಲಿ ಅಲ್ಲಿ ಆಗಿರಲಿಲ್ಲವಾದ್ದರಿಂದ ಆ ಬಾಗಿಲೂ ಮುಚ್ಚಿತ್ತು. ಉಳಿದದ್ದು ಅವಳು ರಜೆಗೆ ಮಾತ್ರ ನೋಡಿದ್ದ ಕರ್ನಾಟಕ.

ಹನ್ನೆರಡು ಅಂಕದ ಕನ್ನಡ

ಕರ್ನಾಟಕದ ಸಿಇಟಿಯಲ್ಲಿ ಹೊರನಾಡು ಕನ್ನಡಿಗರು ಎಂಬ ಒಂದು ಕಲಮು ಇದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು ಹೊರರಾಜ್ಯದಲ್ಲಿ ಓದಿದ ಮಕ್ಕಳಿಗಾಗಿ ಇರುವುದು. ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ, ಜತ್ತದ ಕಡೆಯ ಮಕ್ಕಳಿಗೆ ಗಡಿನಾಡು ಎಂಬ ಬೇರೆ ಕಲಮು. ಎರಡರಲ್ಲೂ ದಾಖಲೆಗಳ ಜೊತೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಪ್ರಾಥಮಿಕ ಶಾಲೆಯ ಮಟ್ಟದ, 50 ಅಂಕದ ಪರೀಕ್ಷೆ. 12 ಬಂದರೆ ಸಾಕು.

ಓದುವವರಿಗೆ ನಗು ಬರಬಹುದು. ನನಗೆ ಬರಲಿಲ್ಲ. ನನ್ನ ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಅದೂ ನಮ್ಮ ಬೀದರ ಕಡೆಯ ಕನ್ನಡ. ಆದರೆ ಒಂದಕ್ಷರ ಬರೆದವಳಲ್ಲ. ಪುಣೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಕಲಿತಳು. ಇಲ್ಲಿ ಬಂದ ಮೇಲೆ ಇಂಟರಿನಲ್ಲಿ ಎಲ್ಲರಂತೆ ಅಂಕಕ್ಕಾಗಿ ಸಂಸ್ಕೃತ ತೆಗೆದುಕೊಂಡಳು. ಹದಿನೆಂಟು ವರ್ಷದಲ್ಲಿ ನಾನು ಅವಳಿಗೆ ಅ ಆ ಇ ಈ ಕಲಿಸಲಿಲ್ಲ. ಪುಣೆಯ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ನವೆಂಬರ್ ಬಂದಾಗಲೆಲ್ಲ ಹಳದಿ ಕೆಂಪು ಶಾಲು ಹೊದಿಸಿ ಫೋಟೊ ಮಾತ್ರ ತೆಗೆಸಿದ್ದೆ. ಈಗ ಸೀಟು ಬೇಕಾದಾಗ ಕನ್ನಡ ನೆನಪಾಯಿತು.

ಕಲಿಸುವ ಹೊಣೆಯನ್ನು ಅಪ್ಪ ಹೊತ್ತುಕೊಂಡರು. ಅವರಿಗೆ 88 ವರ್ಷ. ಮಗಳಿಗೆ ಅವರು ಮುತ್ಯಾ. ದೀಪಾವಳಿಗೆ ಬಂದವರು ನನ್ನ ಮಾತಿಗೆ ಕಟ್ಟುಬಿದ್ದು ಉಳಿದಿದ್ದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ನನ್ನನ್ನು ಅಟ್ಟಿ ಮಕ್ಕಳ ಪುಸ್ತಕ ತರಿಸಿದರು. ದಿನಾ ಸಂಜೆ ಕೋಚಿಂಗಿನಿಂದ ಬಂದ ಮೇಲೆ ಅರ್ಧ ತಾಸು ಪಾಠ. ಮೂರು ವರ್ಷ ತೆಲುಗು ಬೋರ್ಡು ಓದಿದ್ದು ಅವಳಿಗೆ ಉಪಯೋಗಕ್ಕೆ ಬಂತು. ಎರಡು ಲಿಪಿಗಳೂ ಅಕ್ಕತಂಗಿಯರಲ್ಲವೇ? ತೊಂದರೆ ಕೊಟ್ಟದ್ದು ತಲೆಕಟ್ಟು. ಕನ್ನಡದ ಪ್ರತಿ ಅಕ್ಷರಕ್ಕೂ ತೆಲುಗಿನವರಂತೆ ಟಿಕ್ ಹಾಕಿದ ಹಾಗೆ ತಲೆಕಟ್ಟು ಬರೆಯುತ್ತಿದ್ದಳು. "ಇದು ಇಲ್ಲಿ ಹಿಂಗ ಅಡ್ಡ ಇರ್ತದವ್ವ, ನಮ್ಮ ಹಳ್ಳಿ ಮನಿ ಮಾಳಿಗಿ ಇದ್ದಂಗ" ಎಂದು ಅಪ್ಪ ತಿದ್ದುತ್ತಿದ್ದರು.

ಮಾರ್ಚಿನಲ್ಲಿ ಒಂದು ಭಾನುವಾರ ಅವಳನ್ನು ಗೌಲಿಗುಡದ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗು ಎಂದು ಹಟ ಹಿಡಿದರು. ಊರಿಗೆ ಹೋಗುವುದಕ್ಕಲ್ಲ, ಓದುವುದಕ್ಕೆ. ಕರ್ನಾಟಕದ ಬಸ್ಸುಗಳು ನಿಲ್ಲುವ ಕಡೆ ಬೆಂಚಿನ ಮೇಲೆ ಮುತ್ಯಾ ಮೊಮ್ಮಗಳು ಕುಳಿತರು. ಬಸ್ಸು ಬಂದ ಹಾಗೆಲ್ಲ ಅವಳು ಬೋರ್ಡು ಓದಬೇಕು. ಬೀದರ. ಹುಮನಾಬಾದ. ಕಲಬುರಗಿ. 'ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ' ಎಂದು ಒಮ್ಮೆಗೇ ಓದಿ ಮುಗಿಸಿದಾಗ ಪಕ್ಕದಲ್ಲಿ ನಿಂತಿದ್ದ ಕಂಡಕ್ಟರು "ಶಾಭಾಸ್" ಎಂದು ನಕ್ಕರು.

ಮೂವರಿಗೆ ಮೂರು ರಾಜ್ಯ

ಅವತ್ತು ಅಲ್ಲಿಯೇ, ಮೂಸಿ ನದಿಯ ಆ ನಿಲ್ದಾಣದಲ್ಲಿ, ಮಗಳು ಮನಸ್ಸಿನಲ್ಲಿದ್ದುದನ್ನು ಕೇಳಿದಳು: "ಮುತ್ಯಾ, ನಾ ಎಲ್ಲಿಯವಳು ಅಂತ ಬರೀಲಿ?"

ಅಪ್ಪ ತಮ್ಮ ಕಥೆ ಹೇಳಿದರು. ನಾನು ಚಿಕ್ಕಂದಿನಿಂದ ಕೇಳಿದ್ದೇ, ಆದರೆ ಈ ಸಲ ಬೇರೆಯಾಗಿ ಕೇಳಿಸಿತು. 1955ರಲ್ಲಿ ಅವರು ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಾಗ ಬೀದರ, ಕಲಬುರಗಿ, ರಾಯಚೂರು ಮೂರೂ ಹೈದರಾಬಾದ್ ರಾಜ್ಯದ ಜಿಲ್ಲೆಗಳು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ನಮ್ಮ ಕಡೆಯವರಿಗೆ ತಮ್ಮದೇ ರಾಜಧಾನಿಯ ವಿಶ್ವವಿದ್ಯಾಲಯ. ಅರ್ಜಿ ಹಾಕಿ ಭಾಲ್ಕಿಯಲ್ಲಿ ಕಾದರು. ದಿನಾ ಅಂಚೆಯವನ ದಾರಿ ನೋಡುವುದು, ಅವನು ಇಲ್ಲವೆಂದು ಕೈ ಆಡಿಸಿದರೆ ಹೊಲಕ್ಕೆ ಹೋಗುವುದು. ಮಳೆಗಾಲದಲ್ಲಿ ಒಂದು ಕಾರ್ಡು ಬಂತು. ಅವರ ತಂದೆಗೆ ಓದಲು ಬರುತ್ತಿರಲಿಲ್ಲ, ಕಾರ್ಡನ್ನು ದೇವರ ಮುಂದೆ ಇಟ್ಟು ಕಳಿಸಿಕೊಟ್ಟರು.

ಹಾಸ್ಟೆಲಿನ ಕೋಣೆಯಲ್ಲಿ ಮೂವರು. ಅಪ್ಪ ಭಾಲ್ಕಿಯವರು, ಇನ್ನೊಬ್ಬರು ನಾರಾಯಣಖೇಡದವರು, ಮತ್ತೊಬ್ಬರು ಉದಗೀರಿನವರು. ಮೂವರದೂ ಬೀದರ ಜಿಲ್ಲೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಭಾಲ್ಕಿ ಮೈಸೂರಿಗೆ, ನಾರಾಯಣಖೇಡ ಆಂಧ್ರಪ್ರದೇಶಕ್ಕೆ, ಉದಗೀರು ಮುಂಬಯಿ ರಾಜ್ಯಕ್ಕೆ ಹೋದವು.

"ರಾತ್ರಿ ಮಲ್ಕೊಂಡಾಗ ಮೂರೂ ಮಂದಿ ಒಂದೇ ಜಿಲ್ಲಾದವರಿದ್ದೆವು. ಮುಂಜಾನಿ ಚಾ ಕುಡಿಯೋದ್ರಾಗ ಮೂರೂ ಮಂದಿದು ಮೂರು ರಾಜ್ಯ ಆಗಿತ್ತು" ಎಂದರು ಅಪ್ಪ. "ನಮ್ಮನ್ಯಾರೂ ಹೊರಗ ಹಾಕಲಿಲ್ಲ. ಪರೀಕ್ಷಾ ಬರದೆವು, ಪಾಸಾದೆವು. ನೀ ಎಲ್ಲಿಯವಳು ಅಂತ ಫಾರಂ ಏನು ಕೇಳ್ತದೋ ಅದಕ್ಕ ಉತ್ತರ ಬರಿ. ನಿನಗ ನೀನು ಕೇಳ್ಕೊಂಡಾಗ ಬರೋ ಉತ್ತರ ಬ್ಯಾರೆ ಅದ."

ಹಾಗೆಂದು ಸ್ಥಳೀಯ ನಿಯಮವನ್ನು ನಾನು ಬೈಯುವುದಿಲ್ಲ. ಅದರ ಹಿಂದೆ ಈ ನೆಲದ ನೋವು ಇದೆ. ನಿಜಾಮರ ಕಾಲದಲ್ಲೇ ಇಲ್ಲಿ ಮುಲ್ಕಿ ನಿಯಮ ಇತ್ತು. ಸರ್ಕಾರಿ ನೌಕರಿಗೆ 15 ವರ್ಷ ಇಲ್ಲಿ ವಾಸವಾಗಿದ್ದವರೇ ಆಗಬೇಕಿತ್ತು. ಆ ಮಾತು ಮುರಿಯಿತು ಎಂದೇ 1969ರಲ್ಲಿ ತೆಲಂಗಾಣದ ವಿದ್ಯಾರ್ಥಿಗಳು ಬೀದಿಗಿಳಿದರು. 1972ರಲ್ಲಿ ಆಂಧ್ರ ಭಾಗದಲ್ಲಿ ಅದಕ್ಕೆ ಎದುರಾದ ಚಳವಳಿ ಎದ್ದಿತು. 1973ರ ಆರು ಅಂಶಗಳ ಸೂತ್ರದಲ್ಲಿ ರಾಜಿಯಾಯಿತು. ಸಂವಿಧಾನದ 371ಡಿ ವಿಧಿ ಬಂದದ್ದು ಅದರಿಂದ. 1974ರಲ್ಲಿ ಗಚ್ಚಿಬೌಲಿಯ ಕಡೆಯ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ಸೂತ್ರದಿಂದ. ನಮ್ಮ ಬೀದರ, ಕಲಬುರಗಿಯವರೂ ಹಿಂದುಳಿದಿದ್ದೇವೆ ಎಂದು ಇದೇ ಮಾದರಿಯನ್ನು ತೋರಿಸಿ ವರ್ಷಗಟ್ಟಲೆ ಹೋರಾಡಿ 371ಜೆ ಪಡೆದರು. 2013ರಿಂದ ಅದು ಜಾರಿಯಲ್ಲಿದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟು ಆ ಭಾಗದವರಿಗೆ. ಅದು ನಮಗೆ ಅನ್ವಯಿಸುತ್ತದೆಯೇ ಎಂದು ನಾವು ವಿಚಾರಿಸಲು ಹೊರಡುವಷ್ಟರಲ್ಲಿ ಅರ್ಜಿಯ ದಿನ ಮುಗಿದಿತ್ತು. ತಪ್ಪು ನಮ್ಮದೇ.

ಎರಡೂ ಕಡೆಯ ನಿಯಮ ಅಲ್ಲಲ್ಲಿಯ ಮಕ್ಕಳಿಗೆ ಬೇಕಾದ್ದೇ. ಕೆಲಸ ಹುಡುಕಿಕೊಂಡು ಮೂರು ನಾಲ್ಕು ವರ್ಷಕ್ಕೊಮ್ಮೆ ಊರು ಬದಲಿಸುವ ನಮ್ಮಂಥವರ ಮಕ್ಕಳು ಎರಡರ ನಡುವಿನ ಸಂದಿಯಲ್ಲಿ ಬೀಳುತ್ತಾರೆ ಅಷ್ಟೆ.

ಆಷಾಢದ ಸಂಜೆಗಳು

ಏಪ್ರಿಲ್ ಮಧ್ಯದಲ್ಲಿ ಸಿಇಟಿ ಮತ್ತು ಕನ್ನಡ ಪರೀಕ್ಷೆ ಮುಗಿದವು. ಕಾಚಿಗುಡದಿಂದ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದೆವು. ಕರ್ನಾಟಕದಲ್ಲಿ ಇಂಜಿನಿಯರಿಂಗ್ ರ್‍ಯಾಂಕಿಗೆ ಹನ್ನೆರಡನೆಯ ತರಗತಿಯ ಅಂಕವೂ ಅರ್ಧದಷ್ಟು ಸೇರುತ್ತದೆ. ತೆಲಂಗಾಣದಲ್ಲಿ ಅದನ್ನು 2023ರಲ್ಲೇ ಕೈಬಿಟ್ಟಿದ್ದಾರೆ. ಇಲ್ಲಿಯ ಮಕ್ಕಳು ಇಂಟರ್ ಅಂಕಗಳ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಇವಳೂ ಹಾಗೇ ಇದ್ದಳು. ಮೇ 24ರಂದು ಸಿಇಟಿ ರ್‍ಯಾಂಕ್ ಬಂದಾಗ ಅದರ ಪೆಟ್ಟು ಕಾಣಿಸಿತು. ಕನ್ನಡದಲ್ಲಿ ಮಾತ್ರ 50ಕ್ಕೆ 41. ಅಪ್ಪ ಆ ಅಂಕವನ್ನೊಂದೇ ಊರಿಗೆಲ್ಲ ಫೋನು ಮಾಡಿ ಹೇಳಿದರು.

ಜೂನ್ 3ರಿಂದ ಐಐಟಿ, ಎನ್‌ಐಟಿಗಳ ಜೋಸಾ ಕೌನ್ಸೆಲಿಂಗ್ ಶುರು. ಈ ವರ್ಷ ಆರು ಸುತ್ತು. ಪ್ರತಿ ಸುತ್ತಿನ ಸಂಜೆ ಲ್ಯಾಪ್‌ಟಾಪ್ ಮುಂದೆ ಕೂರುವುದು. ವರಂಗಲ್ ಬರಲಿಲ್ಲ. ನಾಲ್ಕನೆಯ ಸುತ್ತಿನಲ್ಲಿ ದೂರದ ಈಶಾನ್ಯ ರಾಜ್ಯವೊಂದರಲ್ಲಿ ಅವಳಿಗೆ ಬೇಡದ ವಿಭಾಗ ಬಂತು, ಬಿಟ್ಟೆವು. ಹೊರಗೆ ಆಷಾಢದ ಬೋನಾಲು ಹಬ್ಬ. ತಲೆಯ ಮೇಲೆ ಬೋನ ಹೊತ್ತ ಹೆಣ್ಣುಮಕ್ಕಳು, ಡೊಳ್ಳು, ಪೋತರಾಜರ ಕುಣಿತ. ಒಳಗೆ ನಾವು ಕಾಲೇಜು ಕೋಡುಗಳ ಪಟ್ಟಿಯನ್ನು ಮೇಲೆ ಕೆಳಗೆ ಮಾಡುತ್ತ ಕುಳಿತಿದ್ದೆವು.

ಫೋನುಗಳ ಕಾಟ ಬೇರೆ. ಹುಮನಾಬಾದಿನ ಅತ್ತಿಗೆ, ಪುಣೆಯ ಹಳೆಯ ನೆರೆಯವರು, ಆಫೀಸಿನವರು. "ಏನಾತು? ಇನ್ನೂ ಬರ್ಲಿಲ್ಲ? ನಮ್ಮವನದು ಆಗಿ ಹದಿನೈದು ದಿನ ಆಯ್ತು." ಕೆಟ್ಟ ಮನಸ್ಸಿನಿಂದ ಕೇಳುವವರಲ್ಲ. ಆದರೂ ಪ್ರತಿ ಕರೆ ಮುಗಿದ ಮೇಲೆ ಮಗಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ರಾತ್ರಿ ನಾನು ಅವಳ ಕೋಣೆಗೆ ಹೋಗಿ ಎಷ್ಟೋ ದಿನದಿಂದ ನುಂಗಿಕೊಂಡಿದ್ದ ಮಾತನ್ನು ಹೇಳಿಬಿಟ್ಟೆ: "ಒಂಬತ್ತನೇದರಾಗ ಪುಣೆ ಬಿಟ್ಟು ಬಂದಿದ್ರ ನಿನಗ ಇಲ್ಲೇ ಸೀಟು ಸಿಗ್ತಿತ್ತು. ನಾನೇ ಬ್ಯಾಡ ಅಂದೆ."

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಂಗೊತ್ತು ಅಮ್ಮಾ. ಅಪ್ಪಾ ಹೇಳ್ಯಾರ. ಆವಾಗ ನಾನೂ ಬರಲ್ಲ ಅಂತ ಅತ್ತಿದ್ದೆ, ನಿಂಗೆ ನೆನಪಿಲ್ಲ" ಎಂದಳು. ನಿಜವಾಗಿಯೂ ನನಗೆ ನೆನಪಿರಲಿಲ್ಲ. ಆ ರಾತ್ರಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದೆವು. ಮರುದಿನದಿಂದ ಫೋನು ಬಂದರೆ "ಬಂದ ಮ್ಯಾಲ ನಾವೇ ಹೇಳ್ತೀವಿ" ಎಂದು ಅವಳೇ ಉತ್ತರ ಕೊಡತೊಡಗಿದಳು.

ಕರ್ನಾಟಕದ ಮೊದಲ ಸುತ್ತಿನಲ್ಲಿ ಬೆಂಗಳೂರಿನ ಹೊರವಲಯದ ಕಾಲೇಜೊಂದು ಬಂತು, ವಿಭಾಗ ಬೇರೆ. ಸೀಟು ಬಂದ ಮೇಲೆ ನಾಲ್ಕು ಆಯ್ಕೆ ಇರುತ್ತವೆ. ಒಪ್ಪಿ ಸೇರುವುದು, ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು, ಬಿಟ್ಟು ಕಾಯುವುದು, ಪೂರ್ತಿ ಹೊರಬರುವುದು. ಎರಡನೆಯದನ್ನು ಒತ್ತಿದೆವು. ಮುಂದಿನ ಸುತ್ತಿನಲ್ಲಿ ಕಲಬುರಗಿಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಬಂತು. ಅವಳಿಗೆ ಬೇಕಾಗಿದ್ದದ್ದು ಕಂಪ್ಯೂಟರ್ ಸೈನ್ಸ್. ಒಂದು ದಿನ ಯೋಚನೆ ಮಾಡಿ, "ಹೋಗ್ತೀನಿ" ಎಂದಳು. ಅಪ್ಪ ಆಗ ಭಾಲ್ಕಿಗೆ ಮರಳಿದ್ದರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಛಲೋ ಆತು. ನನಗ ಕಲಬುರಗಿ ಹತ್ರ ಆಗ್ತದ."

ಈಗಲೇ ಎಣಿಸಿಕೊಳ್ಳಿ

ಮೇಲಿನ ಮಹಡಿಯ ಹುಡುಗನ ಕಥೆಯೂ ಇದರ ಜೊತೆಗೇ ಹೇಳಬೇಕು. ಅವನು ಹುಟ್ಟಿದ್ದು ಬೆಳೆದದ್ದು ಸಿಕಂದರಾಬಾದಿನಲ್ಲಿ. ಆದರೆ ಇಂಟರ್ ಎರಡು ವರ್ಷ ವಿಜಯವಾಡದ ಹಾಸ್ಟೆಲಿನಲ್ಲಿದ್ದು ಓದಿದ. ವೈದ್ಯಕೀಯ ಸೀಟಿಗೆ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕೂ ವರ್ಷ ತೆಲಂಗಾಣದಲ್ಲೇ ಓದಿರಬೇಕು ಎಂದು 2024ರ ಜುಲೈಯಲ್ಲಿ ಸರ್ಕಾರ ಹೊರಡಿಸಿದ 33ನೇ ಸಂಖ್ಯೆಯ ಆದೇಶ ಕೋರ್ಟು ಹತ್ತಿತ್ತು. ಹೈಕೋರ್ಟು ಸಡಿಲಿಸಿತ್ತು. ಈ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಸರ್ಕಾರದ ನಿಯಮವನ್ನೇ ಎತ್ತಿಹಿಡಿಯಿತು. ಮೂರು ತಲೆಮಾರಿನಿಂದ ಇಲ್ಲಿಯವರಾದ ಆ ಮನೆಯವರ ಮಗನೂ ನನ್ನ ಮಗಳಂತೆ ಸ್ಥಳೀಯನಲ್ಲ ಎಂದಾಯಿತು. ಅವನ ತಾಯಿ ನಮ್ಮ ಮನೆಗೆ ಬಂದು ಕುಳಿತಾಗ ನಾನು ಚಹಾ ಕೊಟ್ಟೆ, ಬೇರೆ ಏನು ಹೇಳಬೇಕೋ ತೋಚಲಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಪುಣೆಯಲ್ಲೋ ಚೆನ್ನೈಯಲ್ಲೋ ದೆಹಲಿಯಲ್ಲೋ ಇದ್ದೀರಿ. ಮಕ್ಕಳು ಏಳೋ ಎಂಟೋ ಓದುತ್ತಿರಬಹುದು. ಒಂಬತ್ತನೆಯ ತರಗತಿಗೆ ಕಾಲಿಡುವ ಮುಂಚೆ ಒಮ್ಮೆ ಕೂತು ವರ್ಷ ಎಣಿಸಿ. ನೀವಿರುವ ರಾಜ್ಯದ ನಿಯಮ ಏನು, ಕರ್ನಾಟಕದ ನಿಯಮ ಏನು ಎಂದು ಆಯಾ ವರ್ಷದ ಮಾಹಿತಿ ಪುಸ್ತಕವನ್ನೇ ತೆರೆದು ನೋಡಿ. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬೇಡಿ, ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಬಿಟ್ಟು ಬಂದ ಪ್ರತಿ ಶಾಲೆಯಿಂದ ಸ್ಟಡಿ ಸರ್ಟಿಫಿಕೇಟು ತೆಗೆದಿಟ್ಟುಕೊಳ್ಳಿ. ಊರಿನಲ್ಲಿರುವ ನಿಮ್ಮ ಮತ್ತು ಹಿರಿಯರ ಹಳೆಯ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಅಪ್ಪನ ಹಳೆಯ ಟ್ರಂಕಿನಲ್ಲಿ ಸಿಕ್ಕ ನನ್ನ ಭಾಲ್ಕಿಯ ಶಾಲೆಯ ಟಿ.ಸಿ. ನಮಗೆ ಎಷ್ಟು ಕೆಲಸಕ್ಕೆ ಬಂತೆಂದು ನನಗೇ ಗೊತ್ತು.

ಇನ್ನು ಕನ್ನಡದ ಮಾತು. ಮಗಳು ಹಾಸ್ಟೆಲಿಗೆ ಹೋಗಿ ಎರಡು ತಿಂಗಳಾಯಿತು. ಹೋದ ವಾರ ಮುತ್ಯಾನಿಗೆ ಕನ್ನಡದಲ್ಲಿ ಕಾಗದ ಬರೆದಿದ್ದಾಳೆ. ಒಂದೂವರೆ ಪುಟ. ಮೆಸ್ಸಿನ ರೊಟ್ಟಿ ಗಟ್ಟಿಯಂತೆ, ಶೇಂಗಾ ಹಿಂಡಿ ಛಲೋ ಇದೆಯಂತೆ, ಪಕ್ಕದ ಕೋಣೆಯ ಹುಡುಗಿ ಉದಗೀರಿನವಳಂತೆ. ತಲೆಕಟ್ಟು ಅಲ್ಲಲ್ಲಿ ಇನ್ನೂ ತೆಲುಗಿನದೇ. ಅಪ್ಪ ಅದನ್ನು ತಿದ್ದದೆ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾರಂತೆ.

ನನ್ನ ಸಣ್ಣ ಮಗ ಈಗ ಏಳನೆಯ ತರಗತಿ. ಅವನ ಲೆಕ್ಕ ನಾನು ಹಾಕಿ ಮುಗಿಸಿದ್ದೇನೆ, ನಾವು ಇಲ್ಲೇ ಉಳಿದರೆ ಅವನು ತೆಲಂಗಾಣಕ್ಕೆ ಸ್ಥಳೀಯನೇ. ಅವನಿಗೆ ಕನ್ನಡ ಪರೀಕ್ಷೆ ಬೇಕಾಗುವುದಿಲ್ಲ. ಆದರೂ ಈ ಭಾನುವಾರದಿಂದ ಅಕ್ಕನ ಅದೇ ಪುಸ್ತಕ ಹಿಡಿದು ಅ ಆ ತಿದ್ದಲು ಕೂರಿಸಿದ್ದೇನೆ. "ಇದಕ್ಕ ಎಷ್ಟು ಮಾರ್ಕ್ಸ್ ಅಮ್ಮಾ?" ಎಂದು ಕೇಳಿದ. ಇದಕ್ಕೆ ಮಾರ್ಕ್ಸ್ ಇಲ್ಲ ಎಂದೆ. ಮುಖ ಹುಳ್ಳಗೆ ಮಾಡಿಕೊಂಡು ಬರೆಯುತ್ತಿದ್ದಾನೆ.